ಎಡಗೈಗೆ ತಿಳಿಯದಂತೆ

ಪಾದ್ರಿಗಳ ಪ್ರಸಂಗದ ಹೊತ್ತಿಗೆ ನಿದ್ದೆ ಮಾಡುವ ಒಳ್ಳೆಯ ಅಭ್ಯಾಸವನ್ನು ಬೀಗದಣ್ಣ ಒಂದೇ ಒಂದು ಭಾನುವಾರ ಬಿಟ್ಟ. ಅದೇ ಅವನಿಗೆ ಮುಳುವಾಯಿತು.

ಚರ್ಚಿನ ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಅವನ ಜಾಗ. ಗೊರಕೆ ಹೊಡೆಯದ ನಿದ್ದೆಯಾದ್ದರಿಂದ ಯಾರ ತಕರಾರೂ ಇರಲಿಲ್ಲ. ಆ ದಿನ ಮುಂದಿನ ಸಾಲಿನ ಯಾರದೋ ದಪ್ಪ ಕೀರ್ತನೆ ಪುಸ್ತಕ ಜಾರಿ ಅವನ ಪಾದದ ಮೇಲೆ ಬಿತ್ತು. ಬೆಚ್ಚಿ ಕಣ್ಣು ಬಿಟ್ಟಾಗ ಪಾದ್ರಿಗಳು ಬಡವರಿಗೆ ಕೊಡುವ ವಿಷಯ ಹೇಳುತ್ತಿದ್ದರು. ಕೊಡುವಾಗ ಡಂಗುರ ಹೊಡೆಯಬೇಡಿ, ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದು, ಗುಟ್ಟಾಗಿ ಕೊಟ್ಟದ್ದನ್ನು ಮೇಲಿನವನು ಗುಟ್ಟಾಗಿ ನೋಡಿಕೊಳ್ಳುತ್ತಾನೆ ಎಂದರು. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಬೀಗದಣ್ಣನಿಗೆ ನಿದ್ದೆ ಹತ್ತಲಿಲ್ಲ.

ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಎಂದಿನಂತೆ ಪ್ರಸಂಗದ ಮೇಲೊಂದು ಪ್ರಸಂಗ ನಡೆಯಿತು. ಕಮಿಟಿಯ ಖಜಾಂಚಿಗೆ ಪಾದ್ರಿಗಳ ಮಾತು ಕೇಳಲು ಚೆಂದ ಅನ್ನಿಸಿತ್ತು, ಅಷ್ಟೆ. ಕೈಗೆ ಸಿಕ್ಕವರಿಗೆ ಕೊಟ್ಟರೆ ಅಪಾತ್ರದಾನವಾಗುತ್ತದೆ, ಏನಿದ್ದರೂ ಕಮಿಟಿಯ ಮೂಲಕ, ವಿಚಾರಣೆ ಮಾಡಿ, ರಸೀದಿ ಹರಿದು ಕೊಡಬೇಕು ಎಂಬುದು ಅವರ ವಾದ. ಬೇಕರಿಯವನು ದಿನಾ ಸಂಜೆ ಉಳಿದ ಬ್ರೆಡ್ಡನ್ನು ಬಡವರಿಗೆ ಕೊಡುತ್ತಿದ್ದ. ಅದನ್ನು ಹೇಳಿಕೊಳ್ಳದಿದ್ದರೆ ಉಳಿದವರಿಗೆ ಪ್ರೇರಣೆ ಬರುವುದಾದರೂ ಹೇಗೆ ಎಂದು ಕೇಳಿದ. ಹಗಲಿಡೀ ಬೀದಿಯ ಕಡೆಗೆ ಮುಖ ಮಾಡಿ ಕೂರುವುದರಿಂದ ಕಿಟಕಿಯತ್ತೆ ಎಂದೇ ಹೆಸರಾದ ಮುದುಕಿ, ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಅದಕ್ಕೇ ತಾನು ಎಲ್ಲರಿಗಾಗಿ ಪ್ರಾರ್ಥನೆ ಮಾತ್ರ ಮಾಡುತ್ತೇನೆ ಎಂದಳು. ಬೀಗದಣ್ಣನ ಹೆಂಡತಿ, "ಮೊದಲು ಮನೆ ಸೂರು ಸೋರೋದು ನಿಲ್ಲಲಿ, ಊರ ಚಿಂತೆ ಆಮೇಲೆ" ಅಂದುಬಿಟ್ಟಳು.

ಬೀಗದಣ್ಣ ನೋಡುತ್ತಿದ್ದದ್ದು ಗೇಟಿನ ಹತ್ತಿರ ಸಂಗೀತದ ಹಾಳೆಗಳನ್ನು ಚೀಲಕ್ಕೆ ಸೇರಿಸುತ್ತಿದ್ದ ಟೀಚರಮ್ಮನನ್ನು. ಚರ್ಚಿನಲ್ಲಿ ಪಿಯಾನೋ ನುಡಿಸುವವರು ಅವರೇ. ಗಂಡ ಹೋದ ಮೇಲೆ ಶಾಲೆಯ ಅರ್ಧ ದಿನದ ಕೆಲಸ ಮತ್ತು ಮನೆಗೆ ಬರುವ ಒಬ್ಬಿಬ್ಬರು ಮಕ್ಕಳ ಪಾಠ, ಇಷ್ಟರಲ್ಲೇ ಅವರ ಜೀವನ. ಚಳಿಗಾಲಕ್ಕೆ ಮೊದಲು ಅವರ ಮನೆಯ ಪಿಯಾನೋವನ್ನು ಹಗ್ಗ ಕಟ್ಟಿ ಇಳಿಸಿದ್ದನ್ನು ಇಡೀ ಬೀದಿ ನೋಡಿತ್ತು. ರಿಪೇರಿಗೆ ಹೋಗಿದೆ ಎಂದು ಅವರು ಹೇಳಿದ್ದರು. ಚಳಿಗಾಲ ಮುಗಿದರೂ ಅದು ವಾಪಸು ಬರಲಿಲ್ಲ. ಮಹಿಳಾ ಸಂಘದವರು ಒಂದು ಭಾನುವಾರ ಎಲ್ಲರೆದುರು ಅವರ ಹೆಸರು ಓದಿ ಸಹಾಯದ ಪೊಟ್ಟಣ ಕೊಟ್ಟಾಗ, ಟೀಚರಮ್ಮ ಎದ್ದು ಬಂದು ಅದನ್ನು ಮೇಜಿನ ಮೇಲೆ ವಾಪಸಿಟ್ಟು, ಇದು ಬೇಕಾದವರು ಇನ್ನೂ ಇದ್ದಾರೆ ಎಂದು ಮೆಲ್ಲಗೆ ಹೇಳಿ, ಮುಂದಿನ ಹಾಡು ನುಡಿಸಲು ಕೂತರು. ಅಂದಿನಿಂದ ಅವರಿಗೆ ಜಂಬ ಎಂದು ಕಮಿಟಿಯಲ್ಲಿ ತೀರ್ಮಾನವಾಯಿತು.

ಬೀಗದಣ್ಣನಿಗೆ ಹಾಗನ್ನಿಸಿರಲಿಲ್ಲ. ಅವನ ಮಗಳು ಚಿಕ್ಕವಳಿದ್ದಾಗ ಟೀಚರಮ್ಮ ಅವಳಿಗೆ ಹಾಡು ಕಲಿಸಿದ್ದರು. ಫೀಸು ಕೊಡಲು ಹೋದರೆ, ಇಂಥ ಗಂಟಲಿಗೆ ಕಲಿಸಿದರೆ ಲಾಭ ನನಗೇ ಎಂದು ಕಳಿಸಿಬಿಟ್ಟಿದ್ದರು. ಮಗಳು ಮದುವೆಯಾಗಿ ದೂರ ಹೋದಳು. ಆ ಮಾತು ಮಾತ್ರ ಅವನ ಎದೆಯಲ್ಲಿ ಹಾಗೇ ಉಳಿದಿತ್ತು.

ಅವನ ಹತ್ತಿರ ಒಂದು ದೊಡ್ಡ ನೋಟಿತ್ತು. ಒಬ್ಬ ಕಾರ್ಖಾನೆ ಮಾಲೀಕ ತಿಜೋರಿಯ ಕೀಲಿಕೈ ಕಳೆದುಕೊಂಡು ಕಂಗಾಲಾಗಿದ್ದಾಗ ಇವನು ಹೋಗಿ ತೆಗೆದುಕೊಟ್ಟಿದ್ದ. ಮಾಲೀಕ ಖುಷಿಯಿಂದ ಕೊಟ್ಟ ನೋಟು ಅದು. ಹೊಸ ಬೂಟಿಗೆಂದು ಹೆಂಡತಿಗೆ ಹೇಳದೆ ಅಂಗಡಿಯಲ್ಲಿ ಬಚ್ಚಿಟ್ಟಿದ್ದ. ಅದನ್ನು ಟೀಚರಮ್ಮನಿಗೆ ಕೊಡುವುದೆಂದು ಭಾನುವಾರ ಮಧ್ಯಾಹ್ನವೇ ನಿಶ್ಚಯಿಸಿದ. ತೊಡಕಿದ್ದದ್ದು ಕೈಗಳ ವಿಷಯದಲ್ಲಿ. ಬೀಗದಣ್ಣ ಎಡಚ. ಉಣ್ಣುವುದೊಂದು ಬಿಟ್ಟರೆ ಉಳಿದೆಲ್ಲವೂ ಎಡಗೈಯಲ್ಲೇ. ಬೀಗದ ಒಳಗಿನ ಗುಟ್ಟೆಲ್ಲ ಅವನ ಎಡಗೈ ಬೆರಳುಗಳಿಗೇ ಕೇಳಿಸುವುದು. ಇಂಥವನು ಯಾವ ಕೈಯಿಂದ ಕೊಟ್ಟು ಯಾವ ಕೈಯಿಂದ ಮುಚ್ಚಿಡಬೇಕು? ಪಾದ್ರಿಗಳು ಎಡಚರ ವಿಷಯ ಏನೂ ಹೇಳಿರಲಿಲ್ಲ. ತುಂಬಾ ಯೋಚಿಸಿ, ಕೊಡುವ ಹೊತ್ತಿಗೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲವನ್ನೂ ಬಲಗೈಯಲ್ಲೇ ಮಾಡುವುದು ಎಂದು ತೀರ್ಮಾನಿಸಿದ. ಮದುವೆಯ ಫೋಟೋದಲ್ಲಿ ಹೆಂಡತಿ ನಿಂತಿದ್ದದ್ದು ತನ್ನ ಎಡಗಡೆಗೆ ಎಂಬುದೂ ನೆನಪಾಯಿತು. ಆದ್ದರಿಂದ ಅವಳಿಗೂ ಹೇಳಬಾರದು.

ಈ ಎಡಗೈಯ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಬೀಗಕ್ಕೆ ಎಣ್ಣೆ ಹಾಕಿದರೆ ಧೂಳು ಕೂರುತ್ತದೆಂದು ಬೀಗದಣ್ಣ ಪೆನ್ಸಿಲ್ ಸೀಸದ ಪುಡಿ ಹಾಕುತ್ತಿದ್ದ. ವರ್ಷಗಟ್ಟಲೆ ಅದನ್ನು ಮುಟ್ಟಿ ಅವನ ಎಡಗೈ ಹೆಬ್ಬೆರಳು ಯಾವ ಸೋಪಿಗೂ ಬಗ್ಗದಷ್ಟು ಕಪ್ಪಾಗಿತ್ತು. ಮನೆಯ ಪರದೆ, ಟೀ ಲೋಟ, ಚರ್ಚಿನ ಪುಸ್ತಕ, ಎಲ್ಲದರ ಮೇಲೂ ಆ ಹೆಬ್ಬೆಟ್ಟಿನ ಗುರುತು. ಪುಸ್ತಕದ ರಾಶಿಯಲ್ಲಿ ಅವನದು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟ. ಚೀಲದಲ್ಲಿ ಉಳಿ, ಅರ, ತಂತಿಗಳ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಹೊಸ ಬೀಗವಿತ್ತು. ಚರ್ಚು ಕಟ್ಟಿಸುತ್ತಿದ್ದ ಹೊಸ ಸಭಾಂಗಣದ ಬಾಗಿಲುಗಳಿಗೆಲ್ಲ ಬೀಗ ಹಾಕುವ ಕೆಲಸ ಯಾರಿಗೆ ಎಂದು ಸಂಜೆ ಕಮಿಟಿಯಲ್ಲಿ ನಿರ್ಧಾರವಾಗುವುದಿತ್ತು. ಅಲ್ಲಿ ತೋರಿಸಲು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಮಾದರಿ ಅದು. ಕೀಲಿಕೈ ಇಲ್ಲದಿದ್ದರೆ, ಇದನ್ನು ಮಾಡಿದ ನನ್ನಿಂದಲೂ ತೆಗೆಯಲು ಆಗದು ಎಂದು ಖಜಾಂಚಿಗೆ ಮೊದಲೇ ಹೇಳಿದ್ದ. ಆ ಕೆಲಸ ಸಿಕ್ಕಿದರೆ ಮನೆಯ ಸೂರು ರಿಪೇರಿಯಾಗುತ್ತಿತ್ತು. ಸಿಗುವ ಭರವಸೆಯೂ ಇತ್ತು, ಏಕೆಂದರೆ ಬೀಗದವನಿಗೆ ಬಂಡವಾಳವೆಂದರೆ ಹೆಸರು. ಬೀದಿಯ ಅರ್ಧ ಮನೆಗಳ ಎರಡನೇ ಕೀಲಿಕೈಗಳು ಅವನ ಅಂಗಡಿಯ ಮೊಳೆಗಳ ಮೇಲೆ ನಿಶ್ಚಿಂತೆಯಾಗಿ ತೂಗುತ್ತಿದ್ದವು.

ಟೀಚರಮ್ಮನ ಮನೆ ಒಂದು ಮಹಡಿಯ ಮೇಲೆ. ಅವರು ಮಧ್ಯಾಹ್ನದವರೆಗೆ ಶಾಲೆಯಲ್ಲಿರುತ್ತಾರೆಂದು ಬೀಗದಣ್ಣನಿಗೆ ಗೊತ್ತಿತ್ತು. ಬಾಗಿಲ ಸಂದಿಯಿಂದ ನೋಟನ್ನು ಒಳಗೆ ತಳ್ಳಿ ಬಂದುಬಿಡುವುದು ಅವನ ಯೋಜನೆ. ಬಗ್ಗಿ ನೋಡಿದ. ಸಂದಿಯೇ ಇರಲಿಲ್ಲ. ಗಾಳಿ ಬರುತ್ತದೆಂದು ಅವರು ಹೇಳಿದಾಗ ಹಿತ್ತಾಳೆಯ ಪಟ್ಟಿ ಹೊಡೆದು ಇರುವೆಯೂ ನುಸುಳದಂತೆ ಮುಚ್ಚಿಕೊಟ್ಟವನು ತಾನೇ. ಕಾಗದ ಹಾಕುವ ಕಿಂಡಿ ನೋಡಿದ. ಅದಕ್ಕೂ ಒಳಗಿನಿಂದ ಹಲಗೆ ಬಡಿದಿತ್ತು, ಅದೂ ಅವನದೇ ಸಲಹೆ. ಮಾಡಿದ್ದುಣ್ಣೋ ಮಹರಾಯ ಎಂಬುದು ಒಳ್ಳೆಯ ಕೆಲಸಕ್ಕೂ ಅನ್ವಯಿಸುತ್ತದೆಂದು ಅವನಿಗೆ ಆಗ ತಿಳಿಯಿತು.

ಹಾಗಾಗಿ ತಂತಿ ತೆಗೆದ. ಎಡಗೈಗಾಗಿದ್ದರೆ ಆ ಬೀಗ ಎರಡು ಉಸಿರಿನ ಕೆಲಸ. ಎಡಗೈ ಜೇಬಿನಲ್ಲಿತ್ತಲ್ಲ. ಬಲಗೈ ಆ ಬೀಗದೊಳಗೆ, ನೆಂಟರ ಮನೆಯ ಅಡುಗೆಕೋಣೆಯಲ್ಲಿ ಚಮಚ ಹುಡುಕುವವರ ಹಾಗೆ ಎಲ್ಲೆಲ್ಲೋ ತಡಕಾಡಿತು. ತಂತಿ ಮೂರು ಸಲ ಕೆಳಗೆ ಬಿತ್ತು. ಎದುರು ಮನೆಯಲ್ಲಿ ಕಿಟಕಿಯತ್ತೆಯ ಪರದೆ ಸ್ವಲ್ಪ ಸರಿದದ್ದು, ಮತ್ತೆ ಪೂರ್ತಿ ಸರಿದದ್ದು ಅವನಿಗೆ ಕಾಣಲಿಲ್ಲ.

ಕೊನೆಗೂ ಬಾಗಿಲು ತೆರೆಯಿತು. ಒಂದೇ ಕೋಣೆಯ ಮನೆ, ಚೊಕ್ಕಟವಾಗಿತ್ತು. ಪಿಯಾನೋ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಮೇಜಿನ ಮೇಲೆ ಉದ್ದನೆಯ ರಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಅಳತೆ ಹಿಡಿದು ಬರೆದ ಪಿಯಾನೋದ ಸ್ವರದ ಮನೆಗಳು, ಕಪ್ಪು ಬಿಳಿ ಎಲ್ಲ. ಬೆರಳು ಆಡಿ ಆಡಿ ನಡುವಿನ ಮನೆಗಳು ಮಾಸಿಹೋಗಿದ್ದವು. ಭಾನುವಾರದ ಹಾಡುಗಳನ್ನು ಟೀಚರಮ್ಮ ವಾರವಿಡೀ ಸದ್ದಿಲ್ಲದ ಈ ರಟ್ಟಿನ ಮೇಲೆ ಅಭ್ಯಾಸ ಮಾಡುತ್ತಿದ್ದರು. ಬೀಗದಣ್ಣನಿಗೆ ದುಃಖ ಉಕ್ಕಿ ಬಂತು. ನೋಟು ಎಲ್ಲಿಡುವುದೆಂದು ಗೂಡಿನಲ್ಲಿದ್ದ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ. ಡಬ್ಬಿ ಖಾಲಿಯಾಗಿ, ತೊಳೆದು ಒರೆಸಿ ಇಟ್ಟಿತ್ತು.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಗಾಬರಿಯಲ್ಲಿ ಬಲಗೈ ನೋಟು ಬೀಳಿಸಿತು. ಇಷ್ಟು ಹೊತ್ತು ಜೇಬಿನಲ್ಲಿ ಸುಮ್ಮನಿದ್ದ ಎಡಗೈ ಹೇಳದೆ ಕೇಳದೆ ಹೊರಬಂದು, ನೋಟನ್ನು ಹೆಕ್ಕಿ, ಮಡಿಸಿ, ಡಬ್ಬಿಗೆ ತುರುಕಿ, ಮುಚ್ಚಳ ಹಾಕಿತು. ಬೀಗದಣ್ಣ ಬಾಗಿಲಿಗೆ ಬಂದಾಗ ಕಿಟಕಿಯತ್ತೆ ಏದುಸಿರು ಬಿಡುತ್ತಾ ನಿಂತಿದ್ದಳು. ಅವಳ ಹಿಂದೆ, ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯವನು.

"ಟೀಚರಮ್ಮ ಇಲ್ಲದಾಗ ಒಳಗೇನ್ ಮಾಡ್ತಿದ್ದೀಯಪ್ಪಾ?" ಎಂದು ಕಿಟಕಿಯತ್ತೆ ಕೇಳಿದಳು.

"ಬೀಗ ಹಿಡೀತಿತ್ತಂತೆ. ನೋಡೋಕೆ ಬಂದೆ."

"ಯಾರು ಹೇಳಿದ್ದು?"

"ಅವರೇ."

ಅವರು ಬೆಳಿಗ್ಗೆ ಕೀಲಿಕೈಯನ್ನು ಒಂದೇ ಸಲ ತಿರುಗಿಸಿ ಬೀಗ ಹಾಕಿಕೊಂಡು ಹೋದದ್ದನ್ನು ತಾನೇ ನೋಡಿದ್ದೇನೆ, ಬೀಗಕ್ಕೆ ಏನೂ ಆಗಿರಲಿಲ್ಲ ಎಂದು ಕಿಟಕಿಯತ್ತೆ ನಿಧಾನವಾಗಿ ಹೇಳಿದಳು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಬೀಗವನ್ನು ಮುಟ್ಟಿ ನೋಡಲು ಬಂದ. ಬೀಗದಣ್ಣನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ರೂಢಿಯಿಲ್ಲದವರ ಹಾಗೆ ಅವನು ಆ ಸುಳ್ಳನ್ನು ಕೂಡಲೇ ನಿಜ ಮಾಡಲು ಹೊರಟ. ಇರಿ ತೋರಿಸ್ತೇನೆ ಎಂದು ಮಂಡಿಯೂರಿ ಕೂತು, ಅವರಿಗೆ ಕಾಣದಂತೆ ಒಳಗಿನ ಸ್ಪ್ರಿಂಗನ್ನು ಒತ್ತಿ ಬಗ್ಗಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡ. ಜೀವಮಾನದಲ್ಲಿ ಒಂದು ಬೀಗವನ್ನೂ ಕೆಡಿಸದಿದ್ದವನು ಮೊದಲ ಸಲ ಕೆಡಿಸಿದ. ಆದರೂ ಕೈಗುಣ ಕೈಬಿಡಲಿಲ್ಲ, ಕೆಲಸ ಅಚ್ಚುಕಟ್ಟಾಯಿತು. ಬೇಕರಿಯವನು ಭುಜ ಕೊಟ್ಟು ನೂಕಿದರೂ ಬಾಗಿಲು ಅಲುಗಲಿಲ್ಲ.

"ನೋಡಿ, ಹಿಡೀತಿದೆ" ಎಂದ ಬೀಗದಣ್ಣ.

ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಡಿಸಿದ್ದನ್ನು ಸರಿಮಾಡಲು ತಂತಿ ಹಾಕಿದರೆ ತಂತಿ ಒಳಗೇ ತುಂಡಾಯಿತು. ಕಿಟಕಿಯತ್ತೆ ಮೆಟ್ಟಿಲ ಮೇಲೆ ಆರಾಮವಾಗಿ ಕೂತು, ಹತ್ತುವವರಿಗೂ ಇಳಿಯುವವರಿಗೂ ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದಳು. ಪ್ರತಿ ಸಲ ಹೇಳುವಾಗಲೂ ಬೀಗದಣ್ಣ ಒಳಗಿದ್ದ ಹೊತ್ತು ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ಬೇಕರಿಯವನು ಖಜಾಂಚಿಗೆ ಹೇಳಿ ಕಳಿಸಿದ. ಖಜಾಂಚಿ ಬಂದು ಕನ್ನಡಕ ಒರೆಸಿಕೊಂಡು, ಕರೆದದ್ದು ಯಾವಾಗ, ಎಲ್ಲಿ, ಜೊತೆಗೆ ಯಾರಿದ್ದರು ಎಂದು ಲೆಕ್ಕ ತಪಾಸಣೆಯ ಧಾಟಿಯಲ್ಲಿ ಕೇಳಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪಾದ್ರಿಗಳು ಗುಂಪು ಕಂಡು ನಿಂತರು.

ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ತೆಗೆಯಲು ಬಂದವನಲ್ಲ, ಇಡಲು ಬಂದವನು ಎಂದರಾಗಿತ್ತು. ಬೀಗದಣ್ಣನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಆದರೆ ಹೇಳಿದ ಕ್ಷಣ ಟೀಚರಮ್ಮನ ಖಾಲಿ ಡಬ್ಬಿಯ ಸುದ್ದಿ ಕಿಟಕಿಯತ್ತೆಯ ಬಾಯಿಂದ ಬೀದಿಯ ಉದ್ದಕ್ಕೂ ಹರಿಯುತ್ತದೆ. ಟೀಚರಮ್ಮ ನೋಟನ್ನು ಎಲ್ಲರೆದುರು ವಾಪಸು ಕೊಡುತ್ತಾರೆ. ಮೇಲಿನವನು ನೋಡಿಕೊಳ್ಳುವುದೂ ಇರುವುದಿಲ್ಲ, ಕೆಳಗಿನವರಿಗೆ ಉಪಕಾರವೂ ಆಗುವುದಿಲ್ಲ. ಬೀಗದಣ್ಣ ತೆರೆಯದ ಬೀಗವನ್ನು ಕೆದಕುತ್ತಾ ಕೂತ.

ಮಧ್ಯಾಹ್ನ ಟೀಚರಮ್ಮ ಬಂದರು. ಅವರು ಕೊನೆಯ ಮೆಟ್ಟಿಲು ಹತ್ತುವ ಮೊದಲೇ ಕಿಟಕಿಯತ್ತೆ, ಬೀಗ ನೋಡಲು ಇವನನ್ನು ಕರೆದಿದ್ದೀರಾ ಎಂದು ಕೇಳಿದಳು. ಟೀಚರಮ್ಮ ಬಾಗಿಲನ್ನು ನೋಡಿದರು, ನೆಲದ ಮೇಲೆ ಕೂತು ಬೆವರುತ್ತಿದ್ದವನನ್ನು ನೋಡಿದರು. ಸುಳ್ಳು ಅವರಿಗೂ ರೂಢಿಯಿರಲಿಲ್ಲ.

"ಇಲ್ಲವಲ್ಲ" ಎಂದರು.

ಪಾದ್ರಿಗಳು ನೆಲ ನೋಡಿದರು. ಬಾಗಿಲು ಒಡೆದು ತೆಗೆಯಲಿ, ಒಳಗೆ ಏನಾದರೂ ಕಳೆದಿದೆಯೇ ಎಂದು ಟೀಚರಮ್ಮನೇ ನೋಡಿ ಹೇಳಲಿ ಎಂದು ಖಜಾಂಚಿ ತೀರ್ಪು ಕೊಟ್ಟರು. ಬೀಗದಣ್ಣ ಉಳಿ ಇಟ್ಟು, ಒಂದು ವರ್ಷದ ಹಿಂದೆ ತಾನೇ ಕೂರಿಸಿದ್ದ ಬೀಗವನ್ನು ತಾನೇ ಒಡೆದ. ಟೀಚರಮ್ಮ ಒಳಗೆ ಹೋದರು. ಗೂಡಿನ ಪಾತ್ರೆಗಳು ಸರಿದಾಡಿದ ಸದ್ದು ಕೇಳಿತು. ಒಂದು ಮುಚ್ಚಳ ತೆಗೆದ ಸದ್ದೂ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ಬೀಗದಣ್ಣನ ಕಣ್ಣೆದುರು ಬಂದದ್ದು ಅವನ ಅಂಗಡಿಯ ಗೋಡೆ. ಕತ್ತಲಾಗುವುದರೊಳಗೆ ಒಬ್ಬೊಬ್ಬರಾಗಿ ಬಂದು, ಏನೋ ನೆವ ಹೇಳಿ, ತಮ್ಮ ತಮ್ಮ ಕೀಲಿಕೈ ಕೇಳಿಕೊಂಡು ಹೋಗುತ್ತಾರೆ. ಬರೀ ಮೊಳೆಗಳು ಉಳಿಯುತ್ತವೆ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಟೀಚರಮ್ಮ ಹೊರಬಂದರು. ಒಂದು ಕೈ ಸೆರಗಿನೊಳಗಿತ್ತು. ಮುಖ ಬಿಳಿಚಿದ್ದರೂ ದನಿ ಗಟ್ಟಿಯಾಗಿತ್ತು.

"ಏನೂ ಕಳೆದಿಲ್ಲ" ಎಂದರು. ಸ್ವಲ್ಪ ತಡೆದು, "ನಾನೇ ಮರೆತಿದ್ದೆ. ನಿನ್ನೆ ಚರ್ಚಲ್ಲಿ ಇವರಿಗೆ ಹೇಳಿದ್ದೆ, ಬೀಗ ಹಿಡೀತಿದೆ, ಒಂಚೂರು ನೋಡಿ ಅಂತ."

ಪಾದ್ರಿಗಳು ಉಸಿರುಬಿಟ್ಟರು. ಸುಸ್ತಾಗುವಷ್ಟು ಸಲ ಹೇಳಿದ್ದ ಕತೆ ಹೀಗೆ ಸಪ್ಪೆಯಾಗಿ ಮುಗಿದದ್ದಕ್ಕೆ ಕಿಟಕಿಯತ್ತೆಗೆ ಬೇಸರವಾಯಿತು. ಬೀಗದಣ್ಣ ಅಲ್ಲಿಂದ ಎದ್ದು ಓಡಿಬಿಡುತ್ತಿದ್ದ. ಆದರೆ ಒಂಟಿ ಹೆಂಗಸಿನ ಮನೆಗೆ ಬೀಗವಿಲ್ಲದಿದ್ದರೆ ಹೇಗೆ ಎಂದು ಖಜಾಂಚಿ ಕೇಳಿದರು. ಹಳೆಯದು ಒಡೆದುಹೋಗಿತ್ತು, ಸರಿಮಾಡಿದರೂ ಅದು ತಂತಿಗೆ ತೆರೆದುಕೊಳ್ಳುತ್ತದೆಂದು ಕಿಟಕಿಯತ್ತೆ ಎಲ್ಲರಿಗೂ ಹೇಳಿಯಾಗಿತ್ತು. ಬೀಗದಣ್ಣನ ಚೀಲದಲ್ಲಿ ಇದ್ದದ್ದು ಒಂದೇ ಬೀಗ. ಬಟ್ಟೆ ಬಿಚ್ಚಿ, ಸಂಜೆಯ ಮಾದರಿಯನ್ನು ತೆಗೆದು, ಎಡಗೈಯಿಂದ ಸರಸರನೆ ಬಾಗಿಲಿಗೆ ಕೂರಿಸಿದ. ಖಜಾಂಚಿ ಎರಡೂ ಕೀಲಿಕೈಗಳನ್ನು ತಮ್ಮ ಎದುರಲ್ಲೇ ಟೀಚರಮ್ಮನ ಕೈಗೆ ಕೊಡಿಸಿದರು.

"ಎಷ್ಟಾಯಿತು?" ಎಂದು ಟೀಚರಮ್ಮ ಕೇಳಿದರು.

"ಏನೂ ಬೇಡ" ಎಂದ ಬೀಗದಣ್ಣ. ಅದೇ ತಪ್ಪಾಯಿತು.

"ಯಾಕೆ ಬೇಡ?" ಎಂದಳು ಕಿಟಕಿಯತ್ತೆ. ಅವಳ ಬೇಸರ ಆ ಕ್ಷಣವೇ ಮಾಯವಾಗಿತ್ತು. ಮನೆಯವರಿಲ್ಲದಾಗ ಒಳಗೆ ಹೋದ ಗಂಡಸು, ಮೊದಲು ಇಲ್ಲ ಅಂದು ಆಮೇಲೆ ಹೌದು ಅಂದ ಹೆಂಗಸು, ಈಗ ಬಿಟ್ಟಿ ಬೀಗ. ಅವಳು ಇದೊಂದನ್ನೂ ಬಾಯಿಬಿಟ್ಟು ಹೇಳಲಿಲ್ಲ. ಬೇಕರಿಯವನ ಮುಖ ನೋಡಿದಳು, ಅಷ್ಟೆ. ಬೇಕರಿಯವನು ಕೆಮ್ಮಿದ. ಟೀಚರಮ್ಮನ ಕಿವಿ ಕೆಂಪಾದದ್ದನ್ನು ಬೀಗದಣ್ಣ ಕಂಡ. ದುಡ್ಡು ತೆಗೆದುಕೊಳ್ಳದಿದ್ದರೆ ತನ್ನ ಹೆಸರಿನ ಜೊತೆಗೆ ಇವರ ಹೆಸರೂ ಹೋಗುತ್ತದೆ ಎಂದು ಅವನಿಗೆ ಅರ್ಥವಾಯಿತು.

"ನನ್ನ ಮನೇಲಿ ಯಾರೂ ಬಿಟ್ಟಿ ಕೆಲಸ ಮಾಡಿಲ್ಲ" ಎಂದು ಟೀಚರಮ್ಮ ಸೆರಗಿನಿಂದ ಕೈ ತೆಗೆದು ಚಾಚಿದರು. ಕೈಯಲ್ಲಿ ಆ ದೊಡ್ಡ ನೋಟಿತ್ತು.

ಇಷ್ಟಾಗಲ್ಲ, ಚಿಲ್ಲರೆ ಕೊಡಿ ಸಾಕು ಎಂದು ಬೀಗದಣ್ಣ ತೊದಲಿದ. ಚಿಲ್ಲರೆ ಅವರ ಹತ್ತಿರ ಇರಲಿಲ್ಲ. ಬೇಕರಿಯವನು ಜೇಬು ತಡವಿ ತಲೆಯಾಡಿಸಿದ. ಖಜಾಂಚಿ, ತಮ್ಮ ಹತ್ತಿರ ಇರುವುದು ಚರ್ಚಿನ ದುಡ್ಡು, ಅದರಿಂದ ಚಿಲ್ಲರೆ ಕೊಡುವ ಹಾಗಿಲ್ಲ ಎಂದರು. ಬೇರೆ ದಾರಿಯಿಲ್ಲದೆ ಬೀಗದಣ್ಣ ಎಡಗೈಯನ್ನು ಮತ್ತೆ ಜೇಬಿಗೆ ಸೇರಿಸಿ ಬಲಗೈ ಚಾಚಿದ. ಟೀಚರಮ್ಮ ಕೊಡಲಿಲ್ಲ. ಅವನ ಜೇಬಿನ ಕಡೆ ನೋಡಿದರು.

"ಎಡಗೈಯಲ್ಲೇ ತಗೊಳ್ಳಿ" ಎಂದರು ಮೆಲ್ಲಗೆ. "ನಿಮಗೆ ಅದೇ ಅಲ್ವಾ ಅಭ್ಯಾಸ."

ಅವನು ಎಡಗೈ ತೆಗೆದು ಚಾಚಿದ. ಅವರು ನೋಟನ್ನು ಮಡಿಸಿದ ಹಾಗೇ ಅದರಲ್ಲಿಟ್ಟು, ಒಂದು ಗಳಿಗೆ ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ಬೀಗ ಬೆಣ್ಣೆಯಂತೆ ತಿರುಗಿತು.

ಮೆಟ್ಟಿಲಿಳಿಯುವಾಗ ಬೀಗದಣ್ಣ ಕಳ್ಳನಾಗಿರಲಿಲ್ಲ. ಅದಕ್ಕಿಂತ ಹೀನನಾಗಿದ್ದ. ಒಂದು ವರ್ಷಕ್ಕೇ ಕೆಡುವ ಬೀಗ ಹಾಕಿ, ಆಮೇಲೆ ವಿಧವೆಯ ಕೈಯಿಂದ ಅಷ್ಟು ದೊಡ್ಡ ನೋಟು ಕಿತ್ತವನ ಮೇಲೆ ಸಭಾಂಗಣದ ಕೆಲಸ ಬಿಡುವುದು ಹೇಗೆ ಎಂದು ಖಜಾಂಚಿ ಯಾರಿಗೂ ಅಲ್ಲ ಎಂಬಂತೆ ಕೇಳಿದರು. ಸೇತುವೆಯ ಆಚೆಗೆ ಇನ್ನೊಬ್ಬ ಬೀಗದವನಿದ್ದಾನೆ, ಸಂಜೆ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಬೀಗದಣ್ಣನಿಗೆ ನೇರವಾಗಿಯೇ ಹೇಳಿದರು. ತಾನಾದರೆ ಟೀಚರಮ್ಮನಿಗೆ ಹಿಂದಿನ ದಿನದ ಬ್ರೆಡ್ಡನ್ನು ಅರ್ಧ ಬೆಲೆಗೇ ಕೊಡುತ್ತೇನೆ ಎಂದ ಬೇಕರಿಯವನು. ಕಿಟಕಿಯತ್ತೆ ಬೀಗದಣ್ಣನಿಗಾಗಿ ಪ್ರಾರ್ಥನೆ ಮಾಡುವುದಾಗಿ ಮಾತು ಕೊಟ್ಟಳು. ಪಾದ್ರಿಗಳು ಮಾತ್ರ ಹೆಗಲ ಮೇಲೆ ಕೈಯಿಟ್ಟು, "ನಿನ್ನೆ ನೀವು ಎಚ್ಚರವಾಗಿದ್ದಿರಿ ಅಂದ್ಕೊಂಡಿದ್ದೆ" ಎಂದು ನೊಂದು ನುಡಿದು ಸೈಕಲ್ ಹತ್ತಿದರು. ಅವರ ಈ ಮಾತು ಉಳಿದೆಲ್ಲದಕ್ಕಿಂತ ಹೆಚ್ಚು ನೋಯಿಸಿತು.

ಸುದ್ದಿ ಬೀಗದಣ್ಣನಿಗಿಂತ ಮುಂಚೆ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಸಭಾಂಗಣದ ಕೆಲಸ ಹೋದದ್ದಕ್ಕೆ, ಸೂರು ಸೋರುವುದಕ್ಕೆ, ಹುಟ್ಟಿದ್ದಕ್ಕೆ ಎಲ್ಲ ಸೇರಿಸಿ ಬೈಗುಳ ಬರುತ್ತದೆಂದು ಅವನು ತಲೆ ತಗ್ಗಿಸಿ ಕೂತ. ಅವಳು ಒಂದು ಲೋಟ ಟೀ ತಂದಿಟ್ಟು ಕೈ ಚಾಚಿದಳು. ಅವನು ನೋಟು ಕೊಟ್ಟ. ಅವಳು ಬೀದಿಯ ಕಡೆಯ ಬಾಗಿಲು ಮುಚ್ಚಿ ಬಂದು ಎದುರಿಗೆ ಕೂತಳು.

ನಾಳೆ ಟೀಚರಮ್ಮ ಶಾಲೆಗೆ ಹೋದ ಮೇಲೆ ಈ ನೋಟನ್ನು ಅವರ ಮನೆಯೊಳಗೆ ಇಟ್ಟು ಬರಬೇಕು ಎಂದಳು. ಒಮ್ಮೆ ಒಂದು ಲೋಟ ಸಕ್ಕರೆ ಕಡ ಕೇಳಲು ಹೋದಾಗ ಅವರ ಸಕ್ಕರೆ ಡಬ್ಬಿ ಖಾಲಿ ಇದ್ದದ್ದನ್ನು ನೋಡಿದ್ದಳಂತೆ. ಸಿಹಿ ಬಿಟ್ಟಿದ್ದೇನೆ ಎಂದು ಟೀಚರಮ್ಮ ನಕ್ಕಿದ್ದರಂತೆ. ಅಂದಿನಿಂದ ಇವಳಿಗೆ ಟೀ ಗಂಟಲಲ್ಲಿ ಇಳಿದಿರಲಿಲ್ಲ.

ಬೀಗದಣ್ಣ ಬಾಯಿ ತೆರೆದುಕೊಂಡು ನೋಡಿದ. "ಮೊದಲು ಸೂರು ಅಂದಿದ್ದೆಯಲ್ಲ?"

"ಮೆಟ್ಟಿಲ ಮೇಲೆ ಅಷ್ಟು ಜನದ ಎದುರಿಗೆ ಮತ್ತೇನು ಹೇಳ್ಬೇಕಿತ್ತು? ಪಾದ್ರಿಗಳು ಆಗಷ್ಟೇ ಹೇಳಿದ್ರಲ್ಲ, ಗುಟ್ಟಾಗಿರಲಿ ಅಂತ. ನಿಮಗೂ ಹೇಳ್ತಿರ್ಲಿಲ್ಲ. ಬೀಗ ತೆಗೆಯೋಕೆ ನೀವೇ ಬೇಕಲ್ಲ, ಅದಕ್ಕೆ ಹೇಳಿದೆ." ಅವಳು ನೋಟಿನ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು, ನಾಲಿಗೆ ಲೊಚಗುಟ್ಟಿ, ಒಂದು ಚೂರು ಬ್ರೆಡ್ಡು ತಂದು ಅದರ ಮೇಲೆ ಉಜ್ಜತೊಡಗಿದಳು. "ಎಲ್ಲದರ ಮೇಲೂ ನಿಮ್ಮ ಈ ಕರೀ ಹೆಬ್ಬೆಟ್ಟು. ಹೀಗೇ ಇಟ್ರೆ, ಯಾರು ಕೊಟ್ಟಿದ್ದೂಂತ ಅವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ."

ಬೀಗದಣ್ಣ ನೋಟನ್ನು ನೋಡಿದ. ನಟ್ಟನಡುವೆ, ಮುದ್ರೆ ಒತ್ತಿದ ಹಾಗೆ, ಅವನ ಎಡಗೈ ಹೆಬ್ಬೆರಳು. ಒಳಗೆ ಮುಚ್ಚಳ ತೆಗೆದ ಸದ್ದಾದ ಮೇಲೆ ಅಷ್ಟು ಹೊತ್ತು ಏನೂ ಯಾಕೆ ಕೇಳಿಸಲಿಲ್ಲವೆಂದು, ಸುಳ್ಳು ಬಾರದವರು ಅಷ್ಟು ಜನರೆದುರು ಯಾಕೆ ಸುಳ್ಳು ಹೇಳಿದರೆಂದು, ಬಲಗೈ ಬೇಡ ಎಂದದ್ದು ಯಾಕೆಂದು ಅವನಿಗೆ ಒಂದೊಂದಾಗಿ ತಿಳಿಯಿತು. ಕಣ್ಣು ತುಂಬಿ ಬಂತು. ಟೀ ಲೋಟ ಎತ್ತಿಕೊಂಡು ಮುಖ ಮರೆಸಿಕೊಂಡ.

ಹೆಂಡತಿ ಗುರುತನ್ನು ಪೂರ್ತಿ ಅಳಿಸಿ, ನೋಟನ್ನು ಹೊಸದರಂತೆ ಮಾಡಿ ಅವನ ಮುಂದಿಟ್ಟಳು. ಸಕ್ಕರೆ ಡಬ್ಬಿಯೊಳಗೇ ಇಡಿ, ಯಾರಿಗೂ ಕಾಣದ ಹಾಗೆ ಹೋಗಿ ಬನ್ನಿ, ನಿಮಗೆಷ್ಟು ಹೊತ್ತಿನ ಕೆಲಸ ಎಂದಳು. ಅವನು ಕೂತಲ್ಲಿಂದ ಅಲ್ಲಾಡಲಿಲ್ಲ.

"ಯಾಕೆ, ಕೊಡೋಕೆ ಮನಸ್ಸಿಲ್ವಾ?"

"ಆ ಬೀಗ ನನ್ನಿಂದಲೂ ತೆಗೆಯೋಕಾಗಲ್ಲ" ಎಂದ ಬೀಗದಣ್ಣ.

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂಥ ಬೀಗ ಆ ಮನೆಗೆ ಯಾಕ್ರೀ ಹಾಕಿದ್ರಿ? ಕದಿಯೋಕೆ ಅಲ್ಲೇನಿದೆ?"